ಇನ್ನೂ ಕೂಡದ ನೆತ್ತಿ

ಇಲಾಖೆಯ ಜೀಪು ಓಡಿಸುವವ ನಾನು.
ನೀರಿನ ಶಾಸ್ತ್ರ ನನಗೆ ರೇಡಿಯೇಟರಿನವರೆಗೆ ಮಾತ್ರ.
ಆದರೂ ಈ ಬೇಸಿಗೆ ಪೂರ್ತಿ
ತುಂಗೆಯ ಎಡದಂಡೆ ಬಲದಂಡೆ
ಇನ್ನೂರ ಹದಿನಾಲ್ಕು ಬಾವಿಗೆ ಬಗ್ಗಿ ನೋಡಿದ್ದೇನೆ;
ಅಷ್ಟೂ ಸಲ ನನ್ನ ಮುಖವೇ
ತಳದಿಂದ ನನ್ನನ್ನು ನೋಡಿ, ಯಾರು, ಅಂದಿದೆ.

ಟೇಪು ಇಳಿಸುವವರು ಜೆಸಿಂತಾ ಮೇಡಂ.
ನೀರು ತಾಗಿದೊಡನೆ ಅದು ಕೀಂ ಅನ್ನುತ್ತದೆ,
ಬಾಲ ತುಳಿಸಿಕೊಂಡ ಇಲಿಮರಿಯ ಹಾಗೆ.
ಮೂರು ಮೀಟರ್ ನಲವತ್ತು, ಬರ್ಕೊಳ್ಳಿ, ಅನ್ನುತ್ತಾರೆ.
ಬರೆಯುತ್ತೇನೆ. ನನ್ನ ಅಕ್ಷರ ದುಂಡಗಿದೆ ಅಂತ
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಮೊದಲ ಸಲ ಒಬ್ಬರು ಹೇಳಿದರು.

ನೀರು ಎಷ್ಟು ಮೇಲಿದ್ದರೆ ಅಷ್ಟು ಹೆಚ್ಚು ಅಂಕ.
ಮಣ್ಣು ಸಡಿಲವಿದ್ದರೆ ಇನ್ನಷ್ಟು. ನೆಲ ಚಪ್ಪಟೆಯಿದ್ದು
ಮಳೆ ಓಡಿಹೋಗದೆ ಕೂತು ಇಂಗಿದರೆ ಮತ್ತೆ ಅಂಕ.
ನನ್ನ ಮಗಳ ಶಾಲೆಯಲ್ಲಿ ಅಂಕ ಬಂದರೆ ಪೇಡ ಹಂಚುತ್ತಾರೆ;
ಇಲ್ಲಿ ಹೆಚ್ಚು ಅಂಕ ಬಂದ ಊರಿಗೆ
ಕೆಂಪು ಬಳಿಯುತ್ತಾರೆ.

ಕೆಳಗಿನಕೊಪ್ಪ ಕೆಂಪಾಯಿತು.

ಜಂಬಿಟ್ಟಿಗೆ ನೆಲ ಅದು, ಹಳೇ ಜೇನುಹುಟ್ಟಿನ ಹಾಗೆ
ಮೈತುಂಬ ತೂತು. ಬಿಂದಿಗೆ ನೀರು ಸುರಿದರೆ
ಎರಡು ಮಾತಾಡುವುದರೊಳಗೆ ಇಲ್ಲ.
ಹಾಲಮ್ಮನ ಬಾವಿಕಟ್ಟೆಯ ಮೇಲೆ ನಕ್ಷೆ ಹರಡಿದಾಗ
ಆ ಕೆಂಪಿನ ಮೇಲೆ ಬೆರಳಿಟ್ಟು ಕೇಳಿದಳು:
"ನಮ್ ನೀರು ಕೆಟ್ಟೈತಾ ಮಗಾ?"

"ಕೆಟ್ಟಿಲ್ಲ ಅಜ್ಜಿ. ಕೆಡೋದು ಸಲೀಸು, ಅಷ್ಟೇ."

"ಅಂದ್ರೆ?"

ಮೇಡಂ ಉದ್ದಕ್ಕೆ ಹೇಳಿದರು. ಅದರಲ್ಲಿ
ಗೊಬ್ಬರ, ಕಕ್ಕಸು ಗುಂಡಿ, ವಾಹಕತೆ ಎಲ್ಲ ಬಂತು.
ಹಾಲಮ್ಮ ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿದಳು.
ಸುತ್ತಲ ಹಳ್ಳಿಗಳ ಅರ್ಧ ಜನ
ಭೂಮಿಗೆ ಬಿದ್ದದ್ದು ಆ ಕೈಯೊಳಗೆ.
ಆಮೇಲೆ ಅಂದಳು:
"ಕೂಡದ ನೆತ್ತಿ ಅನ್ನು, ಮುಗೀತಲ್ಲ.
ಹಸುಗೂಸಿನ ತಲೇಲಿ ಮೆತ್ತಗೆ ಬಡಕಳ್ಳೋ ಜಾಗ.
ಅದು ಕಾಯಿಲೆ ಅಲ್ಲ ಕಣವ್ವ.
ಹರಳೆಣ್ಣೆ ಇಟ್ಟು, ಕೈ ಅಡ್ಡ ಹಿಡೀಬೇಕು."

ಮೇಡಂ ಪೆನ್ನು ಮುಚ್ಚಲಿಲ್ಲ, ಬರೆಯಲೂ ಇಲ್ಲ.

ವಾಪಸು ಬರುವಾಗ ಮಂಡಗದ್ದೆಯ ತಿರುವಿನಲ್ಲಿ
ಹೊಳೆ ಒಂದು ಗಳಿಗೆ ಕಂಡು ಮರೆಯಾಯಿತು.
ಕೂಸಿನ ನೆತ್ತಿ ಒಂದೂವರೆ ವರ್ಷಕ್ಕೆ ಕೂಡುತ್ತದೆ.
ಈ ನೆಲದ್ದು ಕೂಡಿದರೆ?
ಶಿವಮೊಗ್ಗದ ನಮ್ಮ ಬೀದಿಗೆ ಗೋಡೆಯಿಂದ ಗೋಡೆಗೆ
ಕಾಂಕ್ರೀಟು ಹಾಸಿದರು,
ಎರಡೇ ಬೇಸಿಗೆಗೆ ಮೂಲೆಮನೆಯ ಬಾವಿ ಬತ್ತಿತು.
ಮಳೆ ಒಳಗೆ ಬರುವುದೂ ವಿಷ ಬರುವುದೂ
ಒಂದೇ ಬಾಗಿಲಲ್ಲಿ ಅಂತ ನನಗೆ ಹೊಳೆದದ್ದು ಆಗ,
ಮೂರನೇ ಗೇರಿನಲ್ಲಿ.

ಹಿಂದೆಯೇ ಇನ್ನೊಂದು ಹೊಳೆಯಿತು. ಅದು ಬೇಡವಾಗಿತ್ತು.

ಆಫೀಸಿನ ಶೆಡ್ಡಿನ ಹಿಂದೆ, ಹೊಂಗೆಯ ಬುಡದಲ್ಲಿ
ನಾನೇ ತೋಡಿದ ಒಂದು ಗುಂಡಿ ಇದೆ.
ಜೀಪಿನ ಸುಟ್ಟ ಎಣ್ಣೆಯನ್ನು
ವರ್ಷಕ್ಕೆ ಮೂರು ಸಲ ಅಲ್ಲಿ ಬಿಡುತ್ತಾ ಬಂದಿದ್ದೇನೆ.
ಒಮ್ಮೆಯೂ ತುಂಬಲಿಲ್ಲ.
ಒಳ್ಳೇ ಗುಂಡಿ ಅಂತ ಹೊಗಳಿದ್ದೂ ಉಂಟು.
ನೆತ್ತಿಗೆ ನಾನಿಟ್ಟ ಎಣ್ಣೆ ಅದು.

ನಿನ್ನೆ ಮತ್ತೆ ಎಣ್ಣೆ ಬದಲಿಸುವ ದಿನ.
ಹಳೆಯದನ್ನು ಕ್ಯಾನಿಗೆ ಹಿಡಿದು, ಮುಚ್ಚಳ ಬಿಗಿದು,
ಹಿಂದಿನ ಸೀಟಿನಲ್ಲಿ ಇಟ್ಟಿದ್ದೇನೆ.
ಮಧ್ಯಾಹ್ನ ಮೇಡಂ ಊಟಕ್ಕೆ ಕೂತಾಗ
ನಕ್ಷೆ ಬಿಚ್ಚಿ ಹುಡುಕಿದೆ: ಕೆಂಪು, ಕಿತ್ತಳೆ, ಹಳದಿ,
ಗುಡ್ಡದ ಓರೆಯಲ್ಲಿ ಒಂದಿಷ್ಟು ಹಸಿರು.
ಹಸಿರು ಅಂದರೆ ನಿಧಾನಕ್ಕೆ ಇಳಿಯುತ್ತದೆ ಅಂತ,
ಇಳಿಯುವುದಿಲ್ಲ ಅಂತಲ್ಲ.

ಕ್ಯಾನು ಅಲ್ಲೇ ಇದೆ.
ತಿರುವು ಬಂದಾಗೆಲ್ಲ ಒಳಗೆ ಗುಳುಕ್ ಅನ್ನುತ್ತದೆ.
ಬ್ರೇಕು ಮೆಲ್ಲಗೆ ಒತ್ತುತ್ತೇನೆ,
ಹಿಂದೆ ಯಾರೋ ಬಾಣಂತಿ
ಕೂಸು ಮಲಗಿಸಿಕೊಂಡು ಕೂತಿದ್ದಾಳೆ ಅನ್ನುವ ಹಾಗೆ.